ಬಾಗಿಲು ಹಾಕಿದವನ ಹೆಸರು

ಒಂದಾನೊಂದು ಹಟ್ಟಿ. ಹಟ್ಟಿಯ ಸುತ್ತ ಕಾರೆಮುಳ್ಳಿನ ಬೇಲಿ, ಬೇಲಿಗೆ ಒಂದೇ ಬಾಗಿಲು, ಬಾಗಿಲೊಳಗೆ ಇಪ್ಪತ್ತೆರಡು ಮನೆ, ಮನುಷ್ಯರಿಗಿಂತ ಹೆಚ್ಚು ಕುರಿ. ಬಹಳ ಹಿಂದಿನ ಮಾತೇನಲ್ಲ. ಭೂಮಿಯ ಮೇಲಿನ ಜನರೆಲ್ಲ ಬಾಯಿ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಒಬ್ಬರ ಉಸಿರಿಗೆ ಇನ್ನೊಬ್ಬರು ಹೆದರಿ ಬದುಕುತ್ತಿದ್ದ ಕಾಲ. ಒಂದು ದಿನ ಆ ಹಟ್ಟಿಯ ಹೆಣ್ಣುಮಗಳೊಬ್ಬಳು ಜ್ವರ ಬಂದ ಗಂಡನನ್ನು ಹೆಗಲಿಗೆ ಆನಿಸಿಕೊಂಡು ದೂರದ ಮೇವಿನ ಸೀಮೆಯಿಂದ ನಡೆದು ಬಂದಳು. ಬಾಗಿಲು ಇನ್ನು ನಾಲ್ಕು ಹೆಜ್ಜೆ ಇದೆ ಎನ್ನುವಾಗ ಒಳಗಿನಿಂದ ಮುಳ್ಳು ಬಂದು ಬಿತ್ತು. ಬೀಳುತ್ತಲೇ ಇತ್ತು. ಅವಳು ಬೇವಿನ ಮರದ ಕೆಳಗೆ ಗಂಡನನ್ನು ಮಲಗಿಸಿಕೊಂಡು ಕೂತಳು. ಏಳನೆಯ ದಿನ ಅವನು ಸತ್ತ. ಆಗಲೂ ಮುಳ್ಳು ಸರಿಯಲಿಲ್ಲ. ಆ ಬಾಗಿಲು ಹಾಕಿದವನೊಬ್ಬನಿದ್ದ. ಅವನು ಕಲ್ಲೆದೆಯವನು. ಅವನ ಹೆಸರು ಕಾಟಲಿಂಗಪ್ಪ.

ರೇಣುಕಾ ತನ್ನ ಪುಸ್ತಕವನ್ನು ಹೀಗೆ ಶುರು ಮಾಡಿದ್ದಳು. ದೊಡ್ಡ ಪುಸ್ತಕವೇನಲ್ಲ, ಎಂಬತ್ತು ಪುಟ. ಕೊರೊನಾ ಕಾಲದಲ್ಲಿ ನೆರೆಹೊರೆ ಎನ್ನುವುದು ಏನಾಯಿತು ಎಂದು ಹುಡುಕಿ ಬರೆಯುವ ಕೆಲಸವನ್ನು ಚಿತ್ರದುರ್ಗದ ಒಂದು ಕಾಲೇಜಿನ ಮಾನವಿಕ ವಿಭಾಗ ಹಚ್ಚಿಕೊಂಡಿತ್ತು. "ಸತ್ತವರನ್ನ ಡಾಕ್ಟರುಗಳು ಎಣಿಸಿದಾರೆ. ಉಳಿದವರು ಒಬ್ಬರಿಗೊಬ್ಬರು ಏನಾದರು ಅನ್ನೋದನ್ನ ಎಣಿಸೋರು ನಾವು," ಎಂದು ವಿಭಾಗದ ಅನ್ನಪೂರ್ಣಮ್ಮ ಮೇಡಂ ಹೇಳಿದ್ದರು. ಹಿರಿಯೂರು ತಾಲ್ಲೂಕು ರೇಣುಕಾಳ ಪಾಲಿಗೆ ಬಂದಿತ್ತು. ಆದಿವಾಲದಿಂದ ಎರಡು ಮೈಲಿ ಒಳಗಿರುವ ಕಾರೇಹಟ್ಟಿಗೆ ಅವಳು ಒಂದು ಬೇಸಿಗೆ ಪೂರ್ತಿ ಹೋಗಿ ಬಂದು, ಮನೆಮನೆಯಲ್ಲಿ ರೆಕಾರ್ಡರ್ ಇಟ್ಟುಕೊಂಡು ಕೂತಿದ್ದಳು. ಪುಸ್ತಕ ಬಂತು, ಬಿಡುಗಡೆಯಾಯಿತು, ಬಂದವರು ಕಣ್ಣೊರೆಸಿಕೊಂಡು ಉಪ್ಪಿಟ್ಟು ತಿಂದು ಹೋದರು.

ಅದಾಗಿ ಎರಡು ತಿಂಗಳಿಗೆ, ಸಂಕ್ರಾಂತಿ ಕಳೆದ ಮೂರನೆಯ ದಿನ, ಹೆಗಲ ಮೇಲೆ ಕಂಬಳಿ ಹಾಕಿಕೊಂಡ ಒಬ್ಬ ಮುದುಕ ವಿಭಾಗದ ಬಾಗಿಲಲ್ಲಿ ನಿಂತ.

"ರೇಣುಕಾ ಅನ್ನೋರು ಯಾರು?"

"ನಾನೇ ಅಜ್ಜ. ಬರ್ರಿ, ಕುಂತ್ಕಳ್ರಿ."

"ಕುಂತ್ಕಳಾಕೆ ಬಂದಿಲ್ಲ. ನನ್ನ ಗುರುತು ಸಿಕ್ತಾ?"

"ಇಲ್ಲ ಅಜ್ಜ."

"ಸಿಗಲ್ಲ. ನೀನು ನನ್ನ ನೋಡಿದ್ರೆ ತಾನೆ ಸಿಗಾದು. ನೋಡ್ದಂಗೇ ಬರ್ದಿದೀಯ." ಮುದುಕ ಕೋಲನ್ನು ಗೋಡೆಗೆ ಆನಿಸಿದ. "ನಾನು ಕಾರೇಹಟ್ಟಿ ಕಾಟಲಿಂಗಪ್ಪ. ಕಲ್ಲೆದೆಯೋನು."

ರೇಣುಕಾಳ ಕೈಯಲ್ಲಿದ್ದ ಚಹಾದ ಲೋಟ ಅಲ್ಲೇ ನಿಂತಿತು. ಕಾರೇಹಟ್ಟಿಯಲ್ಲಿ ಆ ಹೆಸರಿನವರು ಇಲ್ಲ ಎಂದು ಖಾತ್ರಿ ಮಾಡಿಕೊಂಡೇ ಅವಳು ಅದನ್ನು ಇಟ್ಟಿದ್ದಳು. ಮಾತಾಡಿದವರ ಪಟ್ಟಿಯನ್ನು ಮೂರು ಸಲ ನೋಡಿದ್ದಳು. ಪಟ್ಟಿಯಲ್ಲಿದ್ದ ಯಾವ ಹೆಸರೂ ಬೇಡವೆಂದು, ಹಟ್ಟಿಯ ದೇವರಾದ ಕಾಟಲಿಂಗನ ಹೆಸರನ್ನೇ ತೆಗೆದುಕೊಂಡಿದ್ದಳು. ದೇವರ ಹೆಸರು ಯಾರ ಮೈಗೂ ಅಂಟುವುದಿಲ್ಲ ಎಂದುಕೊಂಡಿದ್ದಳು.

"ನಾನು ಬಂದಿದ್ದ ಬೇಸಿಗೇಲಿ ನೀವು ಹಟ್ಟೀಲಿ ಇರಲಿಲ್ಲ," ಎಂದಳು. ತನ್ನ ದನಿ ತನಗೇ ಸಣ್ಣದಾಗಿ ಕೇಳಿಸಿತು.

"ಎಲ್ಲಿರ್ತೀನಿ? ಹೊಸದುರ್ಗದ ಕಡೆ ಕುರಿ ಹೊಡ್ಕಂಡು ಹೋಗಿದ್ದೆ. ಎಲ್ಲಾರ್ನೂ ಕೇಳ್ದೋಳು ನನ್ನೊಬ್ಬನ್ನ ಕೇಳಲಿಲ್ಲ. ಕೇಳದೇ ಇದ್ದೋನ್ನೇ ಹಿಡ್ದು ಹಾಕ್ದೆ."

"ಅದು ಕಲ್ಪಿತ ಹೆಸರು ಅಜ್ಜ. ಪುಸ್ತಕದ ಮೊದಲಲ್ಲೇ ಬರೆದೀವಿ."

"ಯಾರು ಓದ್ತಾರೆ ಮೊದ್ಲಿಂದು? ಗೌಡನ ಮಗ ರಂಗೇಶ ಫೋನಿನಾಗೆ ಇಟ್ಕಂಡು ಕಟ್ಟೆ ಮೇಲೆ ಕುಂತು ಕಲ್ಲೆದೆ ಅನ್ನೋ ಕಡೆಯಿಂದ ಓದ್ತಾನೆ. ಆದಿವಾಲದ ಸಂತೆಗೆ ಹೋದ್ರೆ 'ಹೆಣಕ್ಕೆ ಬಾಗಿಲು ಹಾಕಿದ ಹಟ್ಟಿಯೋರು' ಅಂತ ಜನ ನಮ್ಮೋರ್ನ ಆಡ್ಕಂತಾರೆ. ಆಡ್ಕಂಡ್ರೆ ನಮ್ಮೋರು 'ನಾವಲ್ಲ, ಅಗೋ, ಆ ಕಾಟಲಿಂಗಪ್ಪ' ಅಂತ ನನ್ನ ತೋರಿಸ್ತಾರೆ."

"ಆದ್ರೆ ಅವರಿಗೆ ಗೊತ್ತಲ್ಲ, ನೀವಲ್ಲ ಅಂತ."

"ಗೊತ್ತಿತ್ತು. ಈಗ ಪುಸ್ತಕ ಐತಲ್ಲ."

ತಿದ್ದುಪಡಿ ಅಚ್ಚು ಹಾಕಿಸುತ್ತೇನೆ ಎಂದಳು ರೇಣುಕಾ. ಮುದುಕ ನಕ್ಕ, ನಗೆಯಲ್ಲಿ ಒಂದು ಹಲ್ಲೂ ಅವಳ ಕಡೆ ಇರಲಿಲ್ಲ.

"ಅಚ್ಚು ಹಾಕ್ಸು. ನನ್ನ ಕುರಿಗೆ ಓದಿ ಹೇಳ್ತೀನಿ. ಬರೋ ಸೋಮವಾರ ಮಂದೆ ಎಲ್ಲ ಭದ್ರಾ ನಾಲೆ ಕಡೆ ಹೊರಡ್ತವೆ. ಇಲ್ಲಿ ಹುಲ್ಲು ಮುಗೀತು. ನಾಕು ಮನೆಯೋರು ಸೇರಿ ಒಂದು ಮಂದೆ ಕಟ್ಬೇಕು. ಒಬ್ಬ ಮುಂದೆ, ಒಬ್ಬ ಹಿಂದೆ, ಒಬ್ಬ ಕಾವ್ಲಿಗೆ. ಈ ಸಲ ನನ್ನ ಕುರಿ ಜೊತೆ ತಮ್ಮ ಕುರಿ ಬಿಡಾಕೆ ಯಾರೂ ಒಲ್ಲರು. ತೊಂಬತ್ತು ಅವೆ. ಒಬ್ನೇ ಹೊರಟ್ರೆ ಅರ್ಧ ತೋಳಕ್ಕೆ, ಅರ್ಧ ಕಳ್ರಿಗೆ. ಇಲ್ಲೇ ಕುಂತ್ರೆ ಎಲ್ಲಾ ಹಸಿವಿಗೆ."

"ನಾನೇನು ಮಾಡಲಿ ಹೇಳಿ."

"ಕಂಬಳಿ ಮೇಲೆ ನಿಲ್ಲು. ನಮ್ಮಲ್ಲಿ ಒಬ್ಬನ ಮೇಲೆ ಮಾತು ಬಿದ್ರೆ ಅವನೇ ತೊಳ್ಕಳಂಗಿಲ್ಲ. ಆಡಿದ ಬಾಯೇ ಹಟ್ಟಿ ಮುಂದೆ ಕಂಬಳಿ ಮೇಲೆ ನಿಂತು ಹಿಂದಕ್ಕೆ ತಗಬೇಕು. ನಿಂತೋರು ಸುಳ್ಳು ಹೇಳಂಗಿಲ್ಲ. ಕೇಳಿದ್ದಕ್ಕೆ ಉತ್ರ ಕೊಡದೇ ಇಳಿಯಂಗಿಲ್ಲ. ಕಡೀಗೆ ಗೌಡ 'ಕೇಳಿದ್ವಿ' ಅಂದ್ರೆ ಮುಗೀತು. ಆಮೇಲೆ ಆ ಮಾತ್ನ ಯಾರೂ ಎತ್ತಂಗಿಲ್ಲ."

"ಭಾನುವಾರ ಬರ್ತೀನಿ ಅಜ್ಜ. ಮಾತು ಕೊಟ್ಟೆ."

"ಮಾತು ನಿಮ್ಗೆ ಅಗ್ಗ," ಎಂದು ಮುದುಕ ಕೋಲು ತೆಗೆದುಕೊಂಡ. "ನೋಡಾಣ."

ಅವನು ಹೋದ ಮೇಲೆ ರೇಣುಕಾ ಕಪಾಟಿನಿಂದ ಹಟ್ಟಿಯ ಸಂದರ್ಶನಗಳ ಕಟ್ಟು ತೆಗೆದಳು. ಉಚ್ಚಂಗಮ್ಮನದು ಒಂದು, ಅವಳೇ ಆ ಮರದ ಕೆಳಗೆ ಕೂತಿದ್ದವಳು, ಸತ್ತವನು ಅವಳ ಗಂಡ ಶಿವು. ಉಳಿದವು ಇಪ್ಪತ್ತು, ಮನೆಗೊಂದು. ಇಪ್ಪತ್ತರಲ್ಲೂ ಒಂದೇ ಮಾತು. ಜ್ವರದವನು ಬರುತ್ತಿದ್ದಾನೆಂದು ಫೋನು ಬಂತು, ಗೌಡ್ರು ಕೂಗಿದ್ರು, ಮನೆಗೊಂದು ಹೊರೆ ಮುಳ್ಳು ತಂದು ಹಾಕಿದ್ವಿ. ಕೆಲವರು ಇದನ್ನು ಹೇಳಿ ಅತ್ತಿದ್ದರು. ಹೆಚ್ಚಿನವರು "ಎಲ್ಲಾ ತಂದ್ರು ಅಂತ ನಾವೂ ತಂದ್ವಿ" ಎಂದು ರೆಕಾರ್ಡರಿನ ಕೆಂಪು ದೀಪವನ್ನೇ ನೋಡುತ್ತ ಕೂತಿದ್ದರು. ಪ್ರತಿಯೊಬ್ಬರೂ ಒಂದೇ ಷರತ್ತು ಹಾಕಿದ್ದರು: ನಮ್ಮ ಹೆಸರು ಬರಕೂಡದು. ಬರುವುದಿಲ್ಲ ಎಂದು ರೇಣುಕಾ ಒಪ್ಪಿಗೆ ಪತ್ರದ ಮೇಲೆ ಬರೆದು ಕೊಟ್ಟಿದ್ದಳು.

ಹೊಳಲ್ಕೆರೆಯ ಮನೆಯಲ್ಲಿ ಅಜ್ಜಿ ಕೊಟ್ರಮ್ಮನ ತೊಡೆಯ ಮೇಲೆ ಕತೆ ಕೇಳಿ ಬೆಳೆದ ಹುಡುಗಿ ಅವಳು. ಅಜ್ಜಿಯ ಕತೆಯಲ್ಲಿ ಊರಿಗೊಬ್ಬ ರಾಕ್ಷಸ ಇರುತ್ತಿದ್ದ, ಒಬ್ಬನೇ. ಊರೇ ರಾಕ್ಷಸನಾದ ಕತೆಯನ್ನು ಅಜ್ಜಿ ಹೇಳಿರಲಿಲ್ಲ; ಹೇಳಿದ್ದರೆ ಮೊಮ್ಮಗಳಿಗೆ ನಿದ್ದೆ ಬರುತ್ತಿರಲಿಲ್ಲವೇನೋ. ಇಪ್ಪತ್ತು ಜನರ ಒಂದೊಂದು ಹೊರೆಯನ್ನು ಬರೆಯಲು ಕೂತಾಗ ಯಾವ ಹೊರೆಗೂ ತೂಕ ಬರಲಿಲ್ಲ. ಇಪ್ಪತ್ತನ್ನೂ ಒಬ್ಬನ ತಲೆಗೆ ಏರಿಸಿದಾಗ ಕತೆ ಎದ್ದು ನಿಂತಿತು. ಹಲವರನ್ನು ಕೂಡಿಸಿ ಒಬ್ಬನನ್ನು ಮಾಡುವುದು ತಪ್ಪಲ್ಲ, ಗುರುತು ಮರೆಸಲು ಅದೂ ಒಂದು ದಾರಿ ಎಂದು ಮೇಡಂ ಕೂಡ ಒಪ್ಪಿದ್ದರು. ಬೇಲಿಯ ಸಂದಿಯಲ್ಲಿ ಉಚ್ಚಂಗಮ್ಮನಿಗೆ ನೀರು ಕೊಟ್ಟವನ ವಿಷಯ ಒಂದೇ ಸಾಲಿನಲ್ಲಿ ಬಂದಿತ್ತು: ಯಾರೋ ಒಬ್ಬ ಪುಣ್ಯಾತ್ಮ. ಉಚ್ಚಂಗಮ್ಮ ಅವನನ್ನು "ಮೂಲೆಮನೆ ದೊಡ್ಡಪ್ಪ" ಎಂದಿದ್ದಳೇ ಹೊರತು ಹಿರಿಯನ ಹೆಸರು ಬಾಯಲ್ಲಿ ತಂದಿರಲಿಲ್ಲ. ರೇಣುಕಾ ಕೇಳಿಯೂ ಇರಲಿಲ್ಲ.

"ಹೋಗಬೇಡ," ಎಂದರು ಅನ್ನಪೂರ್ಣಮ್ಮ. "ಅವನಲ್ಲ ಅಂದ ತಕ್ಷಣ 'ಮತ್ಯಾರು' ಅಂತ ಹಿಡ್ಕೋತಾರೆ. ಒಂದು ಹೆಸರು ನಿನ್ನ ಬಾಯಿಂದ ಬಿತ್ತೋ, ಇಪ್ಪತ್ತು ಒಪ್ಪಿಗೆ ಪತ್ರಾನೂ ಒಲೆಗೆ ಹಾಕಬಹುದು. ಆಮೇಲೆ ಈ ಜಿಲ್ಲೇಲಿ ಯಾವ ಮನೆಯೋರೂ ನಮ್ಮ ಮುಂದೆ ಬಾಯಿ ಬಿಡಲ್ಲ."

"ಹೆಸರು ಹೇಳಲ್ಲ ಮೇಡಂ."

"ಹೇಳದೇ ಹೇಗೆ ಇಳೀತೀಯ ಆ ಕಂಬಳಿಯಿಂದ?"

ಭಾನುವಾರ ರೇಣುಕಾ ಹಿರಿಯೂರಿನ ಬಸ್ಸು ಹತ್ತಿ, ಆದಿವಾಲದಲ್ಲಿ ಇಳಿದು ಬಿಸಿಲಲ್ಲಿ ಎರಡು ಮೈಲಿ ನಡೆದಳು.

ಹಟ್ಟಿಯ ಹೊರಗಿನ ನಲ್ಲಿಯ ಹತ್ತಿರ ಹೆಂಗಸರು ಕೊಡ ಹಿಡಿದು ನಿಂತಿದ್ದರು. ಹೋದ ಸಲ ಇದೇ ನಲ್ಲಿಯ ಬಳಿ ಅವಳ ಜಡೆ ಹಿಡಿದು ನೋಡಿ ನಕ್ಕವರು. ಈಗ ತಿಪ್ಪಮ್ಮ ಎಂಬ ಹಿರಿಯಳು ನಲ್ಲಿ ನಿಲ್ಲಿಸಿ, ಬೇಕೆಂದೇ ದೊಡ್ಡ ದನಿಯಲ್ಲಿ ಪಕ್ಕದವಳಿಗೆ ಹೇಳಿದಳು: "ಬಾಯಿ ಮುಚ್ಕಳ್ರೇ. ಕೆಮ್ಮಿದ್ರೂ ಬರ್ಕಂತಾಳೆ."

"ತಿಪ್ಪಮ್ಮಜ್ಜಿ, ಚೆನ್ನಾಗಿದೀರಾ?"

"ಚೆನ್ನಾಗಿಲ್ಲ ಅಂತ ಬರಿ. ನನ್ಗೆ ಯಾವ ಹೆಸರು ಇಡ್ತೀಯ? ಚೆಂದಾಗಿರೋದು ಇಡು."

ಉಚ್ಚಂಗಮ್ಮ ಆ ಗುಂಪಿನ ಹಿಂದೆ ಇದ್ದಳು. ರೇಣುಕಾ ಹತ್ತಿರ ಹೋಗಿ ಮೆಲ್ಲಗೆ ಕೇಳಿದಳು: "ಅಕ್ಕ, ನೀರು ಕೊಟ್ಟೋರು ಯಾರು ಅಂತ ನೀವು ಒಂದು ಮಾತು ಹೇಳಿದ್ರೆ ಸಾಕಿತ್ತು."

"ನೀನು ಬರ್ದಿದ್ದು, ನೀನೇ ಅಳಿಸು." ಉಚ್ಚಂಗಮ್ಮ ಅವಳ ಮುಖ ನೋಡಲಿಲ್ಲ. "ನಿನ್ಗೆ ನಾಕು ಗಂಟೆಗೆ ಬಸ್ಸೈತೆ. ನನ್ಗೆ ಎಲ್ಲೈತೆ? ಇವ್ರ ಒಲೆ ಕೆಂಡ ತಂದು ನನ್ನೊಲೆ ಹಚ್ಬೇಕು."

ಕೊಡ ಸೊಂಟಕ್ಕಿಟ್ಟುಕೊಂಡು ಹೋಗಿಬಿಟ್ಟಳು.

ಹಟ್ಟಿಯ ಬಾಗಿಲಲ್ಲಿ ರಂಗೇಶ್ ಕೈ ಅಡ್ಡ ಇಟ್ಟು ನಿಂತಿದ್ದ. ಮೂವತ್ತರ ಆಸುಪಾಸಿನವನು, ಗೌಡ ಕರಿಸಿದ್ದಪ್ಪನ ಮಗ. ಕಾಲೇಜು ಮೆಟ್ಟಿಲು ಹತ್ತಿ ಇಳಿದವನು, ಹಟ್ಟಿಯ ಪರವಾಗಿ ಮಾತಾಡುವ ಬಾಯಿ ತನ್ನದೇ ಎಂದು ನಂಬಿದವನು. ಸಂದರ್ಶನದಲ್ಲಿ ಮುಳ್ಳಿನ ಮಾತು ಬಂದಾಗ ಎಲ್ಲರಿಗಿಂತ ಹೆಚ್ಚು ಅತ್ತವನೂ ಅವನೇ. ಅದು ರೇಣುಕಾಳಿಗೆ ಗೊತ್ತು ಎಂಬುದು ಅವನಿಗೂ ಗೊತ್ತಿತ್ತು.

"ಒಳಗೆ ಬರಂಗಿಲ್ಲ ಮೇಡಂ. ಹೊರಗಿನೋರು ಹಟ್ಟಿ ಕಂಬಳಿ ತುಳಿಯಂಗಿಲ್ಲ. ಪದ್ಧತಿ."

"ಕಾಟಲಿಂಗಪ್ಪಜ್ಜ ಕರೆದಿದಾರೆ."

"ಅವನ ಕರೆ ಅವನ ಮನೇಲಿ ಇಟ್ಕಳಾಕೆ ಹೇಳ್ರಿ. ಪುಸ್ತಕ ಬರ್ದ್ರಿ, ಹೆಸರು ತಗಂಡ್ರಿ. ನಮ್ಮ ಪಾಡಿಗೆ ನಮ್ಮನ್ನ ಬಿಡ್ರಿ. ನಾಳೆ ಮಂದೆ ಹೊರಡ್ತವೆ."

"ಅದಕ್ಕೇ ಇವತ್ತು ಬಂದೆ."

"ಏನ್ ಧೈರ್ಯ ರೀ ನಿಮ್ದು. ಕಲ್ಲು ಬೀಳ್ತಾವೆ ಅಂತ ಹೆದರಿಕೆ ಇಲ್ವಾ?"

ಅಷ್ಟರಲ್ಲಿ ಒಳಗಿನಿಂದ ಕಾಟಲಿಂಗಪ್ಪ ಬಂದ. ರಂಗೇಶನ ಕೈಯ ಕೆಳಗೆ ತಲೆ ಬಗ್ಗಿಸಿ ನುಸುಳಿ, ಬಾಗಿಲು ದಾಟಿ, ಹತ್ತು ಹೆಜ್ಜೆ ನಡೆದು, ಹೆಗಲ ಕಂಬಳಿಯನ್ನು ಕೊಡವಿ ನೆಲಕ್ಕೆ ಹಾಸಿದ. ಅವನು ಹಾಸಿದ್ದು ಬೇವಿನ ಮರದ ಬುಡದಲ್ಲಿ.

"ಹಟ್ಟಿ ಕಂಬಳಿ ತುಳಿಯೋದು ಬ್ಯಾಡ. ಇದು ನನ್ದು. ಜಾಗ ಯಾರ್ದೂ ಅಲ್ಲ. ಕೇಳೋರು ಈಚೆ ಬಂದು ಕೇಳ್ರಿ. ಬರದೇ ಇದ್ರೆ ಅಲ್ಲೇ ನಿಂತು ಕೇಳ್ರಿ, ಕಿವಿ ದೂರ ಇಲ್ಲ."

ಯಾರೂ ಈಚೆ ಬರಲಿಲ್ಲ. ಆದರೆ ಬಾಗಿಲ ಹಿಂದೆ ಒಬ್ಬೊಬ್ಬರಾಗಿ ಸೇರಿದರು. ಮುದುಕ ಗೌಡ ಕರಿಸಿದ್ದಪ್ಪನನ್ನು ಯಾರೋ ಕೈ ಹಿಡಿದು ತಂದು ಬಾಗಿಲ ಕಲ್ಲಿನ ಮೇಲೆ ಕೂರಿಸಿದರು. ಅವನು ಮಗನ ಮುಖ ನೋಡಿದ, ಕಂಬಳಿ ನೋಡಿದ.

"ಕಂಬಳಿ ಬಿದ್ದೈತೆ," ಎಂದ ಕೊನೆಗೆ. "ಬಿದ್ದ ಮೇಲೆ ಕೇಳ್ಬೇಕು."

ರೇಣುಕಾ ಚಪ್ಪಲಿ ಬಿಟ್ಟು ಕಂಬಳಿಯ ಮೇಲೆ ನಿಂತಳು. ಉಣ್ಣೆ ಅಂಗಾಲಿಗೆ ಚುಚ್ಚಿತು. ಇಷ್ಟು ಕಣ್ಣುಗಳು ಒಟ್ಟಿಗೆ ತನ್ನನ್ನು ಬೇಡವೆನ್ನುವುದನ್ನು ಅವಳು ಹುಟ್ಟಿದ ಮೇಲೆ ಕಂಡಿರಲಿಲ್ಲ.

"ಪುಸ್ತಕದಲ್ಲಿ ಬಾಗಿಲು ಹಾಕಿದೋನು ಕಾಟಲಿಂಗಪ್ಪ ಅಂತ ಬರೆದೀನಿ," ಎಂದಳು. "ಆ ಹೆಸರು ನಾನು ಕಟ್ಟಿದ್ದು. ಈ ಹಟ್ಟೀಲಿ ಆ ಹೆಸರಿನೋರು ಇದಾರಾ ಅಂತ ಸರಿಯಾಗಿ ವಿಚಾರಿಸಲಿಲ್ಲ. ತಪ್ಪು ನನ್ದು. ಅವರಲ್ಲ ಬಾಗಿಲು ಹಾಕಿದ್ದು."

"ಮತ್ಯಾರು?" ರಂಗೇಶ್ ಕಾಯುತ್ತಲೇ ಇದ್ದ. "ಕಂಬಳಿ ಮೇಲಿದೀರಿ. ಒಂದು ಹೆಸರು ಹೇಳ್ರಿ."

"ಒಂದು ಹೆಸರಿಲ್ಲ. ಒಬ್ಬನೇ ಬೇಕು ಅಂತ ಮಾಡ್ಕಂಡೋಳು ನಾನು. ನನ್ಗೆ ಇಪ್ಪತ್ತು ಮನೆಯೋರು ಮಾತಾಡಿದ್ರು. ಇಪ್ಪತ್ತು ಮನೆಯೋರೂ ಒಂದೊಂದು ಹೊರೆ ಮುಳ್ಳು ತಂದ್ವಿ ಅಂದ್ರು. ಬಾಗಿಲು ಹಾಕಿದ್ದು ಆ ಇಪ್ಪತ್ತು ಹೊರೆ."

ಬಾಗಿಲ ಹಿಂದೆ ಗುಜುಗುಜು ಎದ್ದಿತು. "ಸುಳ್ಳು ಬೊಗಳ್ತಾಳೆ," ಎಂದಿತು ಒಂದು ದನಿ. ಒಂದು ಮಣ್ಣಿನ ಹೆಂಟೆ ಹಾರಿ ಬಂದು ಅವಳ ಮೊಣಕಾಲಿಗೆ ಬಡಿದು ಪುಡಿಯಾಯಿತು. ಗೌಡ ಕೈ ಎತ್ತಿದ. ರಂಗೇಶ್ ಮಾತ್ರ ಮೆಲ್ಲಗೆ, ನಗುತ್ತ, ಬಾಗಿಲಿನಿಂದ ಎರಡು ಹೆಜ್ಜೆ ಈಚೆ ಬಂದ.

"ಹಂಗಾ? ಹಂಗಾದ್ರೆ ಹೇಳ್ರಿ ಮೇಡಂ, ನಮ್ಮನೆ ಹೊರೆ ಬಂದಿತ್ತಾ? ಹೌದು ಇಲ್ಲ, ಒಂದೇ ಮಾತು."

ಬಂದಿತ್ತು ಎಂದರೆ ಬರೆದುಕೊಟ್ಟ ಮಾತು ಮುರಿಯುತ್ತದೆ. ಇಲ್ಲ ಎಂದರೆ ಕಂಬಳಿಯ ಮೇಲೆ ಸುಳ್ಳು. ಸುಮ್ಮನಿದ್ದರೆ ಇಳಿಯುವ ಹಾಗಿಲ್ಲ. ಅವನು ತನಗೆ ಬೋನು ಒಡ್ಡಿದ್ದಾನೆ ಎಂದು ತಿಳಿದ ಆ ಗಳಿಗೆಯಲ್ಲೇ, ಬೋನಿನ ಬಾಗಿಲು ಯಾರ ಕೈಯಲ್ಲಿದೆ ಎಂಬುದೂ ರೇಣುಕಾಳಿಗೆ ಹೊಳೆಯಿತು.

"ಉತ್ತರ ಕೊಡ್ತೀನಿ," ಎಂದಳು. "ಆದ್ರೆ ನೀವು ಹೇಳಿದ್ದನ್ನ ಯಾರಿಗೂ ಹೇಳಲ್ಲ ಅಂತ ನಿಮಗೆ ಮಾತು ಕೊಟ್ಟೀನಿ. ಇಪ್ಪತ್ತು ಮನೆಗೂ ಕೊಟ್ಟೀನಿ. ಆ ಮಾತಿಂದ ನನ್ನ ಬಿಡುಗಡೆ ಮಾಡೋದು ನಿಮ್ಮ ಕೈಲೈತೆ. 'ನನ್ನ ವಿಷಯ ಹೇಳು' ಅಂತ ಎಲ್ಲರೆದುರಿಗೆ ಅನ್ರಿ. ಈ ಗಳಿಗೇಲಿ ಹೇಳ್ತೀನಿ."

ರಂಗೇಶನ ನಗೆ ತುಟಿಯ ಮೇಲೆ ಹಾಗೇ ಉಳಿಯಿತು. ಅದರ ಹಿಂದೆ ಏನೂ ಉಳಿಯಲಿಲ್ಲ.

"ಯಾರಾದ್ರೂ ಸರಿ," ಎಂದು ರೇಣುಕಾ ಬಾಗಿಲ ಕಡೆ ನೋಡಿದಳು. "ಹೇಳು ಅನ್ನೋರು ಅನ್ರಿ."

ತಿಪ್ಪಮ್ಮ ಸೆರಗು ಸರಿಮಾಡಿಕೊಂಡಳು. ಒಬ್ಬ ಮುಂಗೈ ಕೆರೆದುಕೊಂಡ. ಮುಂದೆ ನಿಂತಿದ್ದ ಇಬ್ಬರು ಹಿಂದಕ್ಕೆ ಸರಿದರು. ಗೌಡ ತನ್ನ ಕಾಲಿನ ಉಗುರು ನೋಡುತ್ತ ಕೂತ.

"ಆಯ್ತು, ಇಪ್ಪತ್ತಂತೆ ಇಪ್ಪತ್ತು," ಎಂದು ರಂಗೇಶ್ ದನಿ ಏರಿಸಿದ. "ಇಪ್ಪತ್ತೊಂದನೇದು ಈ ಮುದುಕಂದು. ಎಲ್ಲಾರ್ಕಿಂತ ಮೊದ್ಲು ತಂದು ಹಾಕ್ದೋನೇ ಇವ್ನು. ಈಕೆಗೆ ಹೇಳಿಲ್ಲ ಅಂದ್ರೆ ತಂದಿಲ್ಲ ಅಂತನಾ? ಅವತ್ತು ಆ ಹೆಣ್ಣುಮಗಳಿಗೆ ನೀರು ಕೊಟ್ಟೋನು ನಾನು. ಪುಸ್ತಕದಾಗೆ ಪುಣ್ಯಾತ್ಮ ಅಂತ ಐತಲ್ಲ, ಅದು ನಾನು. ಯಾರನ್ನಾದ್ರೂ ಕೇಳ್ರಿ."

"ಯಾತ್ರಾಗೆ ಕೊಟ್ಟೆ?"

ಹೆಂಗಸರ ಹಿಂದಿನಿಂದ ಬಂದ ದನಿ. ಉಚ್ಚಂಗಮ್ಮ ಕೊಡ ಕೆಳಗಿಡದೆ ಕೇಳಿದ್ದಳು.

"ಏನು?"

"ನೀರು. ಯಾತ್ರಾಗೆ ಕೊಟ್ಟೆ ಅಂದೆ."

"ಯಾತ್ರಾಗೆ ಅಂದ್ರೆ... ಚೆಂಬಿನಾಗೆ."

"ಈ ಬೇಲಿ ಸಂದೀಲಿ ಚೆಂಬು ತೂರ್ಸಿ ತೋರ್ಸು."

ಯಾರೋ ಕಿಸಕ್ಕೆಂದು ನಕ್ಕು ಬಾಯಿ ಮುಚ್ಚಿಕೊಂಡರು. ಉಚ್ಚಂಗಮ್ಮ ಜನರನ್ನು ಸರಿಸಿಕೊಂಡು ಮುಂದೆ ಬಂದಳು. ಅವಳ ದನಿಯಲ್ಲಿ ಏರಿಳಿತವೇ ಇರಲಿಲ್ಲ, ರಾಗಿ ಕೇರುವಾಗ ಮಾತಾಡುವ ಹಾಗೆ ಮಾತಾಡಿದಳು.

"ತಾಯಿ ಸತ್ತ ಕುರಿಮರಿಗೆ ಹಾಲು ಕುಡಿಸ್ತಾರಲ್ಲ, ಆ ಬಾಟ್ಲಿ. ರಬ್ಬರ್ ತೊಟ್ಟಿಂದು. ಸಂದೀಲಿ ಅದೊಂದೇ ತೂರ್ತಿತ್ತು. ದಿನಕ್ಕೆ ಎಂಟು ಸಲ, ಹತ್ತು ಸಲ. ನನ್ನ ಗಂಡ ಕಡೇ ಎರಡು ದಿನ ಲೋಟದಾಗೆ ಕುಡಿಯಾಕೂ ಆಗ್ದೆ ಆ ತೊಟ್ಟು ಚೀಪಿದ. ಕೊಟ್ಟ ಕೈ ಮೂಲೆಮನೆ ದೊಡ್ಡಪ್ಪಂದು." ಅವಳು ಕಾಟಲಿಂಗಪ್ಪನ ಕಡೆ ಗದ್ದ ಎತ್ತಿ ತೋರಿಸಿದಳು. "ಇವನ್ದು. ಮುಳ್ಳು ಬೀಳೋದ್ನ ನೀವು ಒಳಗಿಂದ ನೋಡಿದ್ರಿ. ಈ ಕಡೆಯಿಂದ ನೋಡಿದೋಳು ನಾನೊಬ್ಳೇ. ಇಪ್ಪತ್ತು. ಬೇರೆ ಏನು ಕೆಲ್ಸ ಇತ್ತು ನನ್ಗೆ, ಎಣಿಸಿದೆ. ತಿಪ್ಪಮ್ಮತ್ತೆ, ನಿಮ್ಮನೆ ಹೊರೆ ತೆಳ್ಳಗಿತ್ತು."

ತಿಪ್ಪಮ್ಮ ಮುಖ ತಿರುಗಿಸಿದಳು. ರಂಗೇಶ್ ಉಚ್ಚಂಗಮ್ಮನಿಗೆ ಏನೋ ಹೇಳಲು ಬಾಯಿ ತೆರೆದ. "ಲೇ, ಸುಮ್ಕಿರು," ಎಂದ ಗೌಡ, ತಲೆಯೆತ್ತದೆ. ಗೌಡನ ಮನೆಯಿಂದ ಬಂದಿದ್ದು ಎಂಥ ಹೊರೆ ಎಂದು ಉಚ್ಚಂಗಮ್ಮ ಹೇಳಿರಲಿಲ್ಲ. ಹೇಳುವುದಕ್ಕೆ ಮುಂಚೆ ಮುಗಿಸಬೇಕಾಗಿತ್ತು ಅವನಿಗೆ.

"ನೀನು ಮುಗ್ಸವ್ವ," ಎಂದ ರೇಣುಕಾಳಿಗೆ. "ಹಿಂದಕ್ಕೆ ತಗಂಡ್ಯಾ?"

"ಬರೆದದ್ದು ನನ್ನ ಕೈ. ಕಾಟಲಿಂಗಪ್ಪನೋರ ಮೇಲೆ ಬಿದ್ದ ಮಾತು ನನ್ನ ಮಾತು. ಅದು ಸುಳ್ಳು. ಹಿಂದಕ್ಕೆ ತಗಂಡೆ. ಇದನ್ನೇ ಅಚ್ಚು ಹಾಕಿಸ್ತೀನಿ."

"ಅಚ್ಚು ನಿನ್ನ ಹಣೇಬರ. ನಮ್ಗೆ ಬ್ಯಾಡ."

ಬೇಲಿಯೊಳಗೆ ಕುರಿಗಳು ರೊಪ್ಪದಲ್ಲಿ ಒತ್ತರಿಸಿಕೊಂಡು ಅರಚುತ್ತಿದ್ದವು. ಇಪ್ಪತ್ತು ಮನೆಯ ಜನ ಗೌಡನ ತುಟಿಯನ್ನೇ ನೋಡುತ್ತಿದ್ದರು, ಬೇಡ ಎನ್ನುತ್ತಾನೇನೋ ಎಂಬ ಆಸೆಯಿಂದ. ಕಾಟಲಿಂಗಪ್ಪ ಯಾರನ್ನೂ ನೋಡದೆ ಕೋಲಿಗೆ ಗಲ್ಲ ಊರಿ ನಿಂತಿದ್ದ.

"ಕೇಳಿದ್ವಿ," ಎಂದ ಗೌಡ.

ಒಪ್ಪಿದೆವು ಎನ್ನಲಿಲ್ಲ. ಪದ್ಧತಿ ಅದನ್ನು ಕೇಳುವುದೂ ಇಲ್ಲ.

ಜನ ಕರಗಿದರು. ರಂಗೇಶ್ ಹೋಗುವ ಮುಂಚೆ ರೇಣುಕಾಳ ಹತ್ತಿರ ಬಂದು, "ಇನ್ನೊಂದ್ಸಲ ಈ ಕಡೆ ಮುಖ ಹಾಕ್ಬ್ಯಾಡ್ರಿ. ಹಾಕಿದ್ರೆ ಮಣ್ಣಿನ ಹೆಂಟೆ ಆಗಿರಲ್ಲ," ಎಂದ. ಆಮೇಲೆ ಕಾಟಲಿಂಗಪ್ಪನ ಕಡೆಗೆ ತಿರುಗದೆ, ಬೇವಿನ ಮರಕ್ಕೆ ಹೇಳುವವನ ಹಾಗೆ ಹೇಳಿದ: "ನಾಳೆ ಹೊತ್ತು ಹುಟ್ಟೋ ಮುಂಚೆ ಹೊರಡ್ತೀವಿ. ನಿನ್ನ ಕುರಿ ನಮ್ಮ ಮಂದೆ ಹಿಂದೆ ಬರ್ಲಿ. ತಡ ಮಾಡಿದ್ರೆ ಕಾಯಲ್ಲ."

"ಯಾವತ್ತು ತಡ ಮಾಡೀನಿ," ಎಂದ ಕಾಟಲಿಂಗಪ್ಪ.

ಅವನು ರೇಣುಕಾಳಿಗೆ ಕೈ ಮುಗಿಯಲಿಲ್ಲ, ಒಳ್ಳೆಯ ಮಾತೂ ಆಡಲಿಲ್ಲ. ಅವಳ ಪಾದದ ಹತ್ತಿರ ಬಗ್ಗಿ ಕಂಬಳಿಯ ಅಂಚು ಹಿಡಿದು ಕಾದ.

"ಇಳಿ," ಎಂದ. "ಆಯ್ತು."

ರೇಣುಕಾ ಇಳಿದಳು.